ತಾಂಬೂಲದ ಚೀಲದ ಮೇಲೆ ಅಮ್ಮನ ನಗು

ನಮ್ಮ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಸಿಗುವುದು ನನ್ನ ಭಾಷಣ. ಹೊಳೆನರಸೀಪುರದ ಈ ಮನೆಯ ನಡುಮನೆಯ ಗೋಡೆಗೆ ಹನ್ನೊಂದು ಚಿತ್ರ ತೂಗುಹಾಕಿದ್ದೇನೆ. ಹನ್ನೊಂದೂ ಅರಕಲಗೂಡಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ಮರದ ಹಲಗೆಯ ಮೇಲೆ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದವು. ಒಂದೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ನಂಬರು ಇದೆ. ನಾಲ್ಕು, ಒಂದು ಗೀಟು, ಇಪ್ಪತ್ತು ಅಂತಿದ್ದರೆ ಇಪ್ಪತ್ತು ಪ್ರತಿಗಳಲ್ಲಿ ಇದು ನಾಲ್ಕನೆಯದು, ಇಪ್ಪತ್ತೊಂದನೆಯದು ಈ ಲೋಕದಲ್ಲಿಲ್ಲ ಎಂದರ್ಥ. ಇದನ್ನು ನಾನು ಗ್ಯಾಸ್ ಸಿಲಿಂಡರ್ ತಂದವರಿಗೂ ವಿವರಿಸಿದ್ದೇನೆ. ಪಾಪ, ಅವರು ನಿಂತು ಕೇಳಿದರು.

ಆ ನಾಲ್ಕನೇ ನಂಬರಿನ ಚಿತ್ರದಲ್ಲಿರುವುದು ನಮ್ಮಮ್ಮ.

ಅರಕಲಗೂಡಿನಲ್ಲಿ ಶಾಲೆಯ ಎದುರಿಗೆ ಅಮ್ಮನದು ಕಡಲೆಪುರಿ ಅಂಗಡಿ. ಮೇಷ್ಟ್ರು ದಿನಾ ಸಂಜೆ ಬಂದು ಖಾರದ ಪುರಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ಮೂಗಿಗೆ, ಕೆನ್ನೆಗೆಲ್ಲ ಮಸಿ ಮೆತ್ತಿಕೊಂಡು, ಅದು ಗೊತ್ತಿಲ್ಲದೆ ಗಂಭೀರವಾಗಿ ಬಂದು ನಿಂತರಂತೆ. ಅಮ್ಮ, "ಅಯ್ಯೋ ಮೇಷ್ಟ್ರೇ, ಕನ್ನಡಿ ನೋಡ್ಕಂಡ್ ಬರಬಾರ್ದಾ, ನಮ್ಮನೆ ದೋಸೆ ಕಾವಲೀನೆ ನಿಮಗಿಂತ ಬೆಳ್ಳಗದೆ!" ಎಂದು ತಲೆ ಹಿಂದಕ್ಕೆ ಚೆಲ್ಲಿ ನಕ್ಕಿದ್ದಾರೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಮನೆಗೆ ಹೋಗಿ ಆ ನಗುವನ್ನು ಹಲಗೆಗೆ ಇಳಿಸಿದರು.

ಅದು ದೊಡ್ಡ ವಿಷಯ ಯಾಕೆಂದರೆ, ಅಮ್ಮನಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ. ನಗು ಬಂದರೆ ಥಟ್ಟನೆ ಕೈ ಬಾಯಿಗೆ ಹೋಗುತ್ತಿತ್ತು. ಫೋಟೋ ಎಂದರೆ ತುಟಿ ಬಿಗಿದು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರ ಥರ ನಿಲ್ಲುತ್ತಿದ್ದರು. ನಮ್ಮ ಮನೆಯ ಅಷ್ಟೂ ಫೋಟೋಗಳಲ್ಲಿ ಅಮ್ಮ ನಕ್ಕಿದ್ದು ಒಂದರಲ್ಲೂ ಇಲ್ಲ. ಹಲ್ಲಿನ ಸಂದಿಯ ಸಮೇತ ಪೂರ್ತಿ ನಕ್ಕಿರುವುದು ಮೇಷ್ಟ್ರ ಮರದಚ್ಚಿನಲ್ಲಿ ಮಾತ್ರ.

ಇಪ್ಪತ್ತು ಪ್ರತಿ ತೆಗೆದಾದ ಮೇಲೆ ಮೇಷ್ಟ್ರು ಒಂದು ಶಾಸ್ತ್ರ ಮಾಡುತ್ತಿದ್ದರು. ಕೊಂಡವರನ್ನೆಲ್ಲ ಭಾನುವಾರ ಮನೆಗೆ ಕರೆದು, ಅವರೆಕಾಳಿನ ಉಪ್ಪಿಟ್ಟು ಕೊಟ್ಟು, ಎಲ್ಲರ ಎದುರಿಗೆ ಹಲಗೆಯ ಮೇಲೆ ಚಾಕುವಿನಿಂದ ಅಡ್ಡ ಗೀರು ಎಳೆಯುವುದು. ಗೀರು ಬಿದ್ದ ಹಲಗೆಯಿಂದ ಮತ್ತೆ ಪ್ರತಿ ತೆಗೆದರೆ ಆ ಗೀರೂ ಬೀಳುತ್ತದೆ. ಆಮೇಲೆ ಮೋಸ ಮಾಡುವ ಹಾಗಿಲ್ಲ. ಅಮ್ಮನ ಹಲಗೆಯ ದಿನ ನಾನೂ ಹೋಗಿದ್ದೆ. ಚಾಕು ಕೈಗೆ ತೆಗೆದುಕೊಂಡದ್ದು ನೋಡಿದೆ. ಆಮೇಲೆ ಕಣ್ಣು ಮುಚ್ಚಿಕೊಂಡೆ. ಮಿಕ್ಕವರ ಗಮನವೆಲ್ಲ ಉಪ್ಪಿಟ್ಟಿನ ಮೇಲಿತ್ತು.

ನನಗೊಬ್ಬಳು ತಂಗಿ, ಇರುವುದು ಚನ್ನರಾಯಪಟ್ಟಣದಲ್ಲಿ. ಚಿತ್ರ ಮಾರಾಟಕ್ಕಿದ್ದಾಗ ಅವಳು, "ಕಪ್ಪು ಮಸಿ ಕಾಗದಕ್ಕೆ ದುಡ್ಡು ಕೊಡ್ತೀಯಾ? ತಲೆ ಕೆಟ್ಟಿದೆಯಾ ಅಕ್ಕ?" ಎಂದು ನನ್ನನ್ನೇ ಬೈದಿದ್ದಳು. ಎರಡು ವರ್ಷ ಕಳೆದು ಅಮ್ಮ ಹೋದರು. ತಿಥಿಗೆ ನಮ್ಮ ಮನೆಗೆ ಬಂದವಳು ಆ ಚಿತ್ರದ ಮುಂದೆ ನಿಂತಳು, ಕದಲಲೇ ಇಲ್ಲ.

"ಅಕ್ಕ, ಇದನ್ನ ನನಗೆ ಕೊಡೇ."

"ಒಂದೇ ಇರೋದು ಕಣೇ. ಕೊಡಕ್ಕಾಗಲ್ಲ."

"ಹೋಗ್ಲಿ, ಫೋನಲ್ಲಿ ಒಂದು ಫೋಟೋನಾದ್ರೂ ಹೊಡ್ಕೊತೀನಿ."

ಅದಕ್ಕೂ ಬೇಡ ಎಂದೆ. ಫೋಟೋ ಹೊಡೆದರೆ ವಾಟ್ಸಾಪಿಗೆ ಹೋಗುತ್ತದೆ, ವಾಟ್ಸಾಪಿಗೆ ಹೋದರೆ ಯಾರೋ ಪ್ರಿಂಟ್ ಹಾಕಿಸುತ್ತಾರೆ, ಆಮೇಲೆ ಅಸಲಿಗೇನು ಬೆಲೆ ಎಂದು ದೊಡ್ಡ ಪಾಠ ಮಾಡಿದೆ. ನಾನು ಹೈಸ್ಕೂಲ್ ಟೀಚರ್, ಪಾಠ ಶುರು ಮಾಡಿದರೆ ಬೆಲ್ ಹೊಡೆಯುವವರೆಗೆ ನಿಲ್ಲಿಸುವುದಿಲ್ಲ. ಪಾಠ ಮುಗಿಯುವ ಮೊದಲೇ ಅವಳು ಬಸ್ಸಿಗೆ ಹೊರಟಳು. ಅಂದಿನಿಂದ ನಮ್ಮಿಬ್ಬರ ಮಾತು ಹಬ್ಬ ಹುಣ್ಣಿಮೆಗೆ ಎಷ್ಟು ಬೇಕೋ ಅಷ್ಟೇ. ಹೀಗೇ ಎಂಟು ವರ್ಷ ಹೋಯಿತು.

ಈಚೆಗೆ ಅವಳ ಮಗಳ ಮದುವೆ ಗೊತ್ತಾಯಿತು. ಎಷ್ಟಾದರೂ ನಾನು ಹುಡುಗಿಗೆ ದೊಡ್ಡಮ್ಮ, ಮೂರು ದಿನ ಮೊದಲೇ ಚನ್ನರಾಯಪಟ್ಟಣಕ್ಕೆ ಹೋಗಿ ಕೆಲಸಕ್ಕೆ ನಿಂತೆ. ಮುಹೂರ್ತ ಮುಗಿದು ಜನ ಊಟಕ್ಕೆ ಎದ್ದಾಗ ತಂಗಿ ಬಂದು, "ಅಕ್ಕ, ಬಾಗಿಲಲ್ಲಿ ತಾಂಬೂಲ ಕೊಡೋ ಕೆಲಸ ನಿಂದು" ಎಂದಳು. ಅವಳ ಮುಖದಲ್ಲಿ ಎಂಥದೋ ಕಳ್ಳತನ ಇತ್ತು. ನನಗೆ ಆಗ ಹೊಳೆಯಲಿಲ್ಲ.

ಛತ್ರದ ಬಾಗಿಲಲ್ಲಿ ಮೂಟೆ ಬಿಚ್ಚಿದೆ. ಹಳದಿ ಬಟ್ಟೆಯ ಚೀಲ, ಒಳಗೆ ತೆಂಗಿನಕಾಯಿ, ಎಲೆ ಅಡಿಕೆ. ಹೊರಗೆ ಕುಂಕುಮದ ಬಣ್ಣದ ಮಸಿಯಲ್ಲಿ ನಮ್ಮಮ್ಮ! ತಲೆ ಹಿಂದಕ್ಕೆ ಚೆಲ್ಲಿ, ಹಲ್ಲಿನ ಸಂದಿ ಬಿಟ್ಟುಕೊಂಡು ನಗುತ್ತಿದ್ದಾರೆ. ಇನ್ನೊಂದು ಚೀಲ ತೆಗೆದರೆ ಅಲ್ಲೂ ಅಮ್ಮ. ಆ ಮೂಟೆಯಲ್ಲಿ ಅಮ್ಮ, ಈ ಮೂಟೆಯಲ್ಲಿ ಅಮ್ಮ. ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಅದು ಇಳಿದು ನಾಲಿಗೆಗೆ ಬಂದಿತ್ತು. ಆದರೆ ಎದುರಿಗೆ ಬೀಗರು ಕೈಮುಗಿದು ನಿಂತಿದ್ದಾರೆ, ಏನು ಮಾಡಲಿ? ಹಲ್ಲು ಕಿರಿದು, "ಬನ್ನಿ, ಊಟ ಆಯ್ತಾ, ತಗೊಳ್ಳಿ" ಎನ್ನುತ್ತ, ಎಂಟು ವರ್ಷ ಬಚ್ಚಿಟ್ಟುಕೊಂಡಿದ್ದ ಅಮ್ಮನನ್ನು ನನ್ನ ಕೈಯಾರೆ ಊರಿಗೆಲ್ಲ ಹಂಚಿದೆ.

ಮೂಟೆ ಖಾಲಿಯಾಗುತ್ತಲೇ ತಂಗಿಯನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಹೋದೆ. "ಏನೇ ಇದು? ಯಾರನ್ನ ಕೇಳಿ ಮಾಡ್ದೆ?"

"ಮೇಷ್ಟ್ರನ್ನ ಕೇಳಿ. ಒಂದು ಪ್ರತಿ ತೆಗ್ದುಕೊಟ್ರು, ಹಾಸನದಲ್ಲಿ ಚೀಲಕ್ಕೆ ಹೊಡೆಸ್ದೆ. ಆ ಕಾಗದ ಪ್ರೆಸ್ಸಲ್ಲೇ ಹರಿದೋಯ್ತು."

"ಮಾನ ಮರ್ಯಾದೆ ಇದೆಯೇನೇ ನಿನಗೆ? ಅಮ್ಮನ ಹೊಟ್ಟೆಗೆ ತೆಂಗಿನಕಾಯಿ ತುಂಬಿ ಕಳಿಸ್ತಿದ್ದೀಯಲ್ಲ!"

"ಮೊಮ್ಮಗಳ ಮದುವೆಗೆ ಅಮ್ಮ ಬರಬೇಕಿತ್ತು ಅಕ್ಕ. ಕರ್ಕೊಂಡ್ಬಂದೆ" ಎಂದಳು. ನಾನು ಊಟವನ್ನೂ ಮಾಡದೆ ಬಸ್ ಹತ್ತಿದೆ. ಹೋಳಿಗೆ ಇತ್ತು, ಅದೂ ಹೋಯಿತು.

ಮನೆ ಮುಟ್ಟುವಷ್ಟರಲ್ಲಿ ಫೋನು. ಹಾಸನದ ಒಬ್ಬ ಬ್ಯಾಂಕಿನವರು, ಅಮ್ಮನ ಚಿತ್ರದ ಹನ್ನೊಂದನೇ ನಂಬರಿನ ಪ್ರತಿ ಅವರ ಹತ್ತಿರ ಇದೆ. ಅವರೂ ಗಂಡಿನ ಕಡೆಯಿಂದ ಮದುವೆಗೆ ಬಂದಿದ್ದರಂತೆ. "ಮೇಡಂ, ಎಲ್ರಿಗೂ ತೋರಿಸ್ಕೊಂಡು ಮೆರೀತಿದ್ವಿ. ಈಗ ನಮ್ಮನೆ ಗೋಡೆ ಮೇಲಿರೋದೂ ಒಂದೇ, ನಮ್ಮ ಹೆಂಡ್ತಿ ಸೌತೆಕಾಯಿ ತರೋ ಚೀಲಾನೂ ಒಂದೇ. ಮೇಷ್ಟ್ರನ್ನ ನೀವೇ ವಿಚಾರಿಸ್ಕೊಳ್ಳಿ" ಎಂದರು. ನನಗೆ ಬೇಕಾಗಿದ್ದೂ ಅದೇ.

ಭಾನುವಾರ ಅರಕಲಗೂಡಿಗೆ ಹೋದೆ. ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಜಗಲಿಯ ಮೇಲೆ ಕೂತು ಪುರಿ ತಿನ್ನುತ್ತಿದ್ದರು.

"ಬಾರವ್ವ, ಬತ್ತೀಯ ಅಂತ ಗೊತ್ತಿತ್ತು. ಪುರಿ ತಿಂತೀಯಾ?"

"ಪುರಿ ಆಮೇಲಾಗ್ಲಿ ಸಾರ್. ನಮ್ಮೆದುರಿಗೆ ಗೀರು ಎಳೆದ ಹಲಗೇಲಿ ಮತ್ತೆ ಹೆಂಗ್ ಪ್ರತಿ ತೆಗೆದ್ರಿ? ಗೀರು ಎಲ್ಲಿ?"

ಅವರು ಒಳಗೆ ಹೋಗಿ ಹಲಗೆ ತಂದು ನನ್ನ ತೊಡೆಯ ಮೇಲಿಟ್ಟರು. ಗೀರು ಇತ್ತು. ತೀರಾ ಮೇಲೆ, ಅಂಗಡಿಯ ತಗಡಿನ ಸೂರಿಗಿಂತಲೂ ಮೇಲೆ, ಆಕಾಶದಲ್ಲಿ. ಅಮ್ಮನ ತಲೆಗೂ ಅದಕ್ಕೂ ಮೂರು ಬೆರಳಿನಷ್ಟು ದೂರ.

"ಗೀರು ಮಧ್ಯದಲ್ಲಿ ಎಳೀಬೇಕು ಅಂತ ನಾನೇ ಮಾಡ್ಕಂಡಿದ್ದ ನಿಯಮ ಕಣವ್ವ. ಇಪ್ಪತ್ತು ವರ್ಷ ನಂಗೆ ಪುರಿ ಕಟ್ಟಿಕೊಟ್ಟ ಕೈ ಅದು. ಆಯಮ್ಮನ ಮುಖದ ಮೇಲೆ ಚಾಕು ಎಳಿ ಅಂದ್ರೆ ಹೆಂಗೆ ಎಳೀಲಿ? ಯಾರಾದ್ರೂ ಕೇಳ್ತಾರೆ ಅನ್ಕಂಡಿದ್ದೆ, ಒಬ್ಬರೂ ನೋಡ್ಲಿಲ್ಲ. ನೀನೂ ಕಣ್ಮುಚ್ಕಂಡಿದ್ದೆ."

ನಾನು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಲಗೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕೂ ಇತ್ತು. ತಂಗಿಗಾಗಿ ಒತ್ತಿದಾಗ ಹಳೆಯ ಮರ ಸೀಳಿತಂತೆ, ಇನ್ನು ಅದರಿಂದ ಏನೂ ತೆಗೆಯುವ ಹಾಗಿಲ್ಲ. ಆಮೇಲೆ ಪುರಿ ತಿಂದೆ. ಅಮ್ಮನ ಖಾರಕ್ಕೆ ಸಾಟಿಯಲ್ಲ.

ಬ್ಯಾಂಕಿನವರಿಗೆ ಫೋನ್ ಮಾಡಿ, ಚೀಲದ ಚಿತ್ರದ ಆಕಾಶದಲ್ಲಿ ಮಸಿ ಹತ್ತದ ಗೀರು ಇದೆ, ನಮ್ಮದರಲ್ಲಿಲ್ಲ, ಅಸಲು ಅಸಲೇ ಎಂದೆ. ಅವರು ಹೆಂಡತಿಯ ಚೀಲ ಕಿತ್ತುಕೊಂಡು ನೋಡಿ ಖುಷಿಪಟ್ಟರು. ನಾನೂ ಖುಷಿಪಡಬೇಕಿತ್ತು. ಆದರೆ ಮನೆಗೆ ಬಂದು ಗೋಡೆ ನೋಡಿದರೆ ಅಮ್ಮ ಗಾಜಿನ ಹಿಂದೆ, ನಂಬರು ಹಾಕಿಸಿಕೊಂಡು, ಒಬ್ಬರೇ ನಗುತ್ತಿದ್ದರು. ಎಂಟು ವರ್ಷ ಅವರ ಜೊತೆ ನಗಲು ನಾನು ಯಾರನ್ನೂ ಬಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ಅಷ್ಟೇ ಅಲ್ಲ, ನನಗೂ ಒಂದು ಚೀಲ ಬೇಕು ಅನ್ನಿಸಿತು.

ಆದರೆ ಚೀಲ ಎಲ್ಲಿದೆ? ಕೊನೆಯದನ್ನೂ ಯಾರಿಗೋ ಕೊಟ್ಟು ಕೈ ತೊಳೆದುಕೊಂಡವಳು ನಾನೇ. ಹೊಸದಾಗಿ ಹೊಡೆಸಬಹುದಿತ್ತು, ಅದು ಮದುವೆಗೆ ಬಂದ ಚೀಲ ಆಗುವುದಿಲ್ಲವಲ್ಲ. ಮರುಮುದ್ರಣ ನನಗೆ ಆಗಿಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಮುಂದಿನ ವಾರ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರ ಪಕ್ಕದಲ್ಲಿ ಅಮ್ಮ ಕಂಡರು. ಚೀಲದ ತುಂಬ ದಂಟಿನ ಸೊಪ್ಪು.

"ಆ ಚೀಲ ಕೊಡ್ತೀರಾ? ಬೇರೆ ಎರಡು ಹೊಸದು ತಂದುಕೊಡ್ತೀನಿ."

"ಊಹೂಂ, ಕೊಡಕಿಲ್ಲ ಕಣವ್ವ" ಎಂದು ಅವರು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. "ಈಯಮ್ಮ ಯಾರೋ ಗೊತ್ತಿಲ್ಲ. ಅಂಗೇ ನಗ್ತಾ ಕೂತವ್ಳೆ, ನೋಡಿದ್ರೆ ನಂಗೂ ನಗು ಬತ್ತದೆ. ಬೆಳಗಿಂದ ಯಾಪಾರನೂ ಚೆಂದಾಗದೆ."

ಅದು ನಮ್ಮಮ್ಮ ಎನ್ನಲು ಬಾಯಿ ತೆರೆದವಳು, ದಂಟಿನ ಸೊಪ್ಪು ಹೇಗೆ ಕಟ್ಟು ಎಂದು ಕೇಳಿದೆ. ಎರಡು ಕಟ್ಟು ಸೊಪ್ಪು ಕೊಂಡು ಬಂದೆ.

ಮಾರನೆಯ ಭಾನುವಾರ ಗೋಡೆಯಿಂದ ಚಿತ್ರ ಇಳಿಸಿ, ಹಳೆಯ ಸೀರೆ ಸುತ್ತಿ, ಚನ್ನರಾಯಪಟ್ಟಣದ ಬಸ್ ಹತ್ತಿದೆ. ಕಂಡಕ್ಟರು, "ಏನ್ ಮೇಡಂ, ಟಿವಿಯಾ?" ಎಂದರು. "ನಮ್ಮಮ್ಮ" ಎಂದೆ. ಅವರು ಒಂದು ಸಲ ನನ್ನನ್ನೂ ಒಂದು ಸಲ ಗಂಟನ್ನೂ ನೋಡಿ ಮುಂದೆ ಹೋದರು.

ತಂಗಿ ಬಾಗಿಲು ತೆರೆದಳು. ಒಳಗೆ, ದೇವರಮನೆಯ ಬಾಗಿಲ ಪಕ್ಕ ಮೊಳೆಗೆ ಒಂದು ಚೀಲ ತೂಗುತ್ತಿತ್ತು. ಒಂದು ಸುಕ್ಕಿಲ್ಲ, ಇಸ್ತ್ರಿ ಮಾಡಿ ಹಾಕಿದ್ದಾಳೆ.

"ಆ ಚೀಲ ನನಗೆ ಕೊಡೇ" ಎಂದೆ.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಂದೇ ಇರೋದು ಕಣಕ್ಕ. ಕೊಡಕ್ಕಾಗಲ್ಲ."

ಎಂಟು ವರ್ಷದ ಹಿಂದೆ ನಾನು ಆಡಿದ ಮಾತು. ಅದೇ ಧಾಟಿ, ಅದೇ ಬಿಂಕ. ಅದು ಎಷ್ಟು ಚುರ್ರೆನ್ನುತ್ತದೆ ಎಂದು ಅವತ್ತು ಗೊತ್ತಾಯಿತು. ನಾನು ಸೀರೆಯ ಗಂಟು ಬಿಚ್ಚಿ, ಚಿತ್ರವನ್ನು ಅವಳ ಕೈಗಿಟ್ಟೆ. "ತಪ್ಪಾಯ್ತು ಕಣೇ. ಇದು ನಿನ್ನ ಹತ್ರ ಇರ್ಲಿ. ಆ ಚೀಲ ನಾನು ತಗೊಂಡೋಗ್ತೀನಿ. ಮುಂದಿನ ವರ್ಷ ಅದಲು ಬದಲು ಮಾಡ್ಕೊಳ್ಳಣ."

ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು. "ಆ ಗಾಜು ಫ್ರೇಮು ಕಟ್ಟಿಸಿದ್ದು ನೀನು, ಇಸ್ತ್ರಿ ಮಾಡಿದ್ದು ನಾನು, ಲೆಕ್ಕ ಚುಕ್ತಾ" ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು, ಆದರೂ ನಗು ತಡೆಯಲಾಗದೆ ನಗತೊಡಗಿದಳು. ಹಲ್ಲೆಲ್ಲ ನೆಟ್ಟಗಿದ್ದರೂ, ಅಮ್ಮನ ಹಾಗೇ ಕೈ ಥಟ್ಟನೆ ಬಾಯಿಗೆ ಹೋಯಿತು.

"ಕೈ ತೆಗಿಯೇ" ಎಂದೆ. ತೆಗೆಯಲಿಲ್ಲ. ನಾನೇ ಹಿಡಿದು ಎಳೆದೆ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಫೋಟೋ ಹೊಡೆದೆ. ಮನೆಯವರ ಗ್ರೂಪಿಗೆ ಕಳಿಸಿದೆ, ಮೇಷ್ಟ್ರ ಮಗನ ಫೋನಿಗೆ ಕಳಿಸಿದೆ, ಬ್ಯಾಂಕಿನವರಿಗೂ ಕಳಿಸಿದೆ. ಅದು ಎಷ್ಟು ಪ್ರತಿ ಆಯಿತೋ ನಾನು ನಂಬರು ಹಾಕಲಿಲ್ಲ.