ಬೆಕ್ಕಿಗೊಂದು ಮರೆ

ನಮ್ಮ ಪಶು ಇಲಾಖೆಯ ಕಚೇರಿಯಲ್ಲಿ ವೈದ್ಯರು ಹಲವರಿದ್ದರು. ಅವರನ್ನೆಲ್ಲ ನಾವು ಸಾರ್ ಎನ್ನುತ್ತಿದ್ದೆವು. ಡಾಕ್ಟರಮ್ಮ ಎಂದರೆ ಮಾತ್ರ ಒಬ್ಬರೇ. ನಾಯಿಮರಿ ಮಾರುವವರು, ಬೆಕ್ಕು ಸಾಕುವವರು, ಪ್ರಯಾಣಕ್ಕೆ ಹೊರಟವರ ಮುದ್ದಿನ ಪ್ರಾಣಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವವರು, ಇಂಥವರಿಗೆಲ್ಲ ಪರವಾನಗಿ ಕೊಡುವುದು, ಕೊಟ್ಟ ಮೇಲೆ ಆಗಾಗ ಹೋಗಿ ನೋಡಿಬರುವುದು ಅವರ ಕೆಲಸ. ನಾನು ಅಲ್ಲಿ ಟೈಪಿಸ್ಟ್ ಆಗಿದ್ದೆ. ಅವರ ಕೈಬರಹ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಅವರ ಕಾಗದಪತ್ರವೆಲ್ಲ ನನ್ನ ಮೇಜಿಗೇ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರು ನಾಯಿಗಳ ತಳಿ ಬೆಳೆಸುವವನೊಬ್ಬನ ಪರವಾನಗಿ ರದ್ದು ಮಾಡಿಸಿದರು. ತಗಡಿನ ಸೂರಿನ ಕೆಳಗೆ, ಕಾದ ಸಿಮೆಂಟಿನ ಮೇಲೆ, ನಾಯಿಗಳು ನಾಲಗೆ ಚಾಚಿ ಬಿದ್ದಿದ್ದವಂತೆ. ಅವನು ನ್ಯಾಯಾಲಯಕ್ಕೆ ಹೋದ. ಆಗ ನಮ್ಮ ಕಾನೂನಿನಲ್ಲಿದ್ದದ್ದು ಒಂದೇ ಸಾಲು: ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು. ಅವನ ವಕೀಲ ಆ ಸಾಲನ್ನೇ ಹಿಡಿದುಕೊಂಡ.

"ಚೆನ್ನಾಗಿ ಅಂದ್ರೆ ಏನು ಡಾಕ್ಟ್ರೇ?" ಎಂದು ಕೇಳಿದ. "ನಮ್ಮನೆ ಮಕ್ಕಳನ್ನ ಚೆನ್ನಾಗಿ ನೋಡ್ಕೋತೀನಿ ಅಂತ ನಾನು ಅಂತೀನಿ. ಇಲ್ಲ ಅಂತ ನನ್ನ ಹೆಂಡ್ತಿ ಅಂತಾಳೆ. ಕಾನೂನು ಯಾರ ಮಾತು ಕೇಳ್ಬೇಕು?"

ನ್ಯಾಯಾಧೀಶರ ಮುಖದಲ್ಲೂ ನಗೆ ಸುಳಿಯಿತು. ನಮ್ಮ ಇಲಾಖೆ ಸೋತಿತು, ಅವನ ಪರವಾನಗಿ ಉಳಿಯಿತು. ಡಾಕ್ಟರಮ್ಮ ಕಚೇರಿಗೆ ವಾಪಸ್ಸು ಬಂದು, ನೀರು ಕುಡಿದು, ಯಂತ್ರಕ್ಕೆ ಹಾಳೆ ಹಾಕು ಅಂದರು. ಹಾಕಿದೆ. ಅವರು ಹೇಳುತ್ತಾರೆಂದು ಕಾಯುತ್ತಾ ಕೂತೆ. ಅವರು ಕಿಟಕಿಯಾಚೆ ನೋಡುತ್ತಾ ನಿಂತೇ ಇದ್ದರು. ಕೊನೆಗೆ ಬರೀ ಹಾಳೆಯನ್ನೇ ಎಳೆದು ತೆಗೆದೆ.

ಪರವಾನಗಿ ಪಡೆದ ಜಾಗಗಳಲ್ಲಿ ಪ್ರಾಣಿಗಳ ಆರೈಕೆ ಹೇಗಿರಬೇಕು ಎಂಬುದಕ್ಕೆ ಸರಿಯಾದ ಮಾನದಂಡ ಬರೆಯಬೇಕೆಂದು ಅವರು ಮೇಲಿನವರ ಬೆನ್ನು ಹತ್ತಿದರು. ಕಾಟ ತಾಳಲಾರದೆ ಇಲಾಖೆ ಒಂದು ಸಮಿತಿ ಮಾಡಿತು, ಕರಡು ಬರೆಯುವ ಹೊಣೆಯನ್ನು ಅವರ ತಲೆಗೇ ಕಟ್ಟಿತು. ಒಬ್ಬರನ್ನು ಮೂಲೆಗುಂಪು ಮಾಡಬೇಕಾದರೆ ಸಮಿತಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಡಾಕ್ಟರಮ್ಮನಿಗೆ ಅದು ಗೊತ್ತಿತ್ತು. ಆದರೂ ಸಿಕ್ಕಿದ್ದೇ ಸಾಕೆಂದು ಕೂತರು.

ಇಲ್ಲಿ ಅವರ ಅಕ್ಕನ ವಿಷಯ ಹೇಳಬೇಕು. ತಾಯಿ ತೀರಿಕೊಂಡ ಮೇಲೆ ಡಾಕ್ಟರಮ್ಮನನ್ನು ಬೆಳೆಸಿದ್ದು ಈ ಅಕ್ಕನೇ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅಕ್ಕನದೊಂದು ಅಂಗಡಿ. ಮುಂಭಾಗದಲ್ಲಿ ಮರಿಗಳ ಮಾರಾಟ, ಹಿಂದಿನ ಕೋಣೆಯಲ್ಲಿ ಊರಿಗೆ ಹೋದವರ ಬೆಕ್ಕು ನಾಯಿಗಳ ವಸತಿ. ನೆಲ ಕನ್ನಡಿಯ ಹಾಗೆ ತೊಳೆದಿರುತ್ತಿತ್ತು. ಡಾಕ್ಟರಮ್ಮನಿಗೆ ಪ್ರಾಣಿಗಳ ಹುಚ್ಚು ಹಿಡಿದದ್ದೇ ಆ ಅಂಗಡಿಯಲ್ಲಿ. ಕೆಲಸಕ್ಕೆ ಸೇರಿದ ದಿನವೇ ಆ ಅಂಗಡಿಯ ತಪಾಸಣೆ ಬೇರೆಯವರು ಮಾಡಲಿ ಎಂದು ಅವರು ಬರೆದುಕೊಟ್ಟಿದ್ದರು.

ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದವರು ಅಂಗಡಿಯ ಹಿಂದಿನ ಕೋಣೆಗೆ ಇಣುಕಿದರು. ಒಂದು ಬೂದು ಬೆಕ್ಕು ಮೆತ್ತನೆಯ ಹಾಸನ್ನು ಬಿಟ್ಟು, ಹೇಲುಚ್ಚೆಗೆಂದು ಇಟ್ಟ ಮರಳಿನ ತಟ್ಟೆಯಲ್ಲಿ ಮುದುರಿಕೊಂಡು ಕೂತಿತ್ತು. ಬೆಕ್ಕಿನಷ್ಟು ಶುಚಿಯ ಪ್ರಾಣಿ ಹಾಗೆ ಕೂರುವುದಿಲ್ಲ. ಅಕ್ಕನನ್ನು ಕೇಳಿದರೆ, ಅದೊಂದು ಸೋಂಬೇರಿ, ಬಂದಾಗಿನಿಂದ ಊಟವನ್ನೂ ಮುಟ್ಟಿಲ್ಲ ಅಂದರು. ಡಾಕ್ಟರಮ್ಮ ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿದರು. ಗೂಡಿಗೆ ಗಾಳಿಯಿತ್ತು, ಬೆಳಕಿತ್ತು, ಬೇಕಾದಷ್ಟು ಜಾಗವೂ ಇತ್ತು. ಆದರೆ ನಾಲ್ಕು ಕಡೆಯಿಂದಲೂ ಕಣ್ಣುಗಳು. ಎದುರಿಗೆ ನಾಯಿ, ಪಕ್ಕದಲ್ಲಿ ಇನ್ನೊಂದು ಬೆಕ್ಕು, ಬಂದುಹೋಗುವ ಜನ. ಆ ತಟ್ಟೆಗೆ ಮಾತ್ರ ಒಂದಿಷ್ಟು ಎತ್ತರದ ಅಂಚಿತ್ತು.

ಅವರು ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿ ಮಲಗಿಸಿ ಗೂಡಿನೊಳಗಿಟ್ಟರು. ಬೆಕ್ಕು ಮೂಸಿ ನೋಡಿ ಒಳಗೆ ಹೋಯಿತು. ಹೋದದ್ದು ಈಚೆಗೆ ಬರಲೇ ಇಲ್ಲ. ಮರುದಿನ ಅಕ್ಕನೇ ಫೋನ್ ಮಾಡಿ, ಊಟದ ತಟ್ಟೆ ಖಾಲಿ ಮಾಡಿದೆ ಕಣೇ ನಿನ್ನ ಬೆಕ್ಕು, ಅಂದರಂತೆ.

ಹೀಗೆ ಕರಡಿನಲ್ಲಿ ಹೊಸದೊಂದು ನಿಯಮ ಸೇರಿತು: ಪ್ರತಿ ಗೂಡಿನಲ್ಲೂ ಪ್ರಾಣಿ ಯಾರ ಕಣ್ಣಿಗೂ ಬೀಳದೆ ಇರಲು ಒಂದು ಮರೆ ಇರತಕ್ಕದ್ದು. ಅದನ್ನು ಟೈಪ್ ಮಾಡುವಾಗ, ನಮ್ಮ ಕಚೇರಿಯಲ್ಲಿ ಮನುಷ್ಯರಿಗೇ ಅಂಥದ್ದಿಲ್ಲವಲ್ಲ ಮೇಡಂ, ಅಂದೆ. ಅವರು ನಕ್ಕು, ಅದಕ್ಕೆ ಬೇರೆ ಇಲಾಖೆ ಕಣಮ್ಮ, ಅಂದರು.

ಅಂಗಡಿಯವರ ಸಂಘಕ್ಕೆ ಆ ನಿಯಮ ಕಂಡರೆ ಮೈ ಉರಿಯಿತು. ಗೂಡಿನಲ್ಲಿರುವ ಮರಿ ಗಿರಾಕಿಯ ಕಣ್ಣಿಗೇ ಬೀಳದಿದ್ದರೆ ವ್ಯಾಪಾರ ಹೇಗೆ? ಅವರು ಬಲು ಜಾಣತನ ಮಾಡಿ ಸಮಿತಿಯ ಮುಂದೆ ಮಾತಾಡಲು ಅಕ್ಕನನ್ನೇ ಕಳಿಸಿದರು. ತಂಗಿ ಕರಗುತ್ತಾಳೆ ಎಂಬ ಲೆಕ್ಕಾಚಾರ. ಡಾಕ್ಟರಮ್ಮ ಸಭೆಗೆ ಮೊದಲೇ ಅಧ್ಯಕ್ಷರ ಬಳಿ ಹೋಗಿ, ಬರುವಾಕೆ ನನ್ನ ಸ್ವಂತ ಅಕ್ಕ, ನಾನು ಹೊರಗಿರುತ್ತೇನೆ ಅಂದರು. ಅಧ್ಯಕ್ಷರು ವಯಸ್ಸಾದ, ನಿಧಾನದ ಮನುಷ್ಯ. ಬರೆದವರು ಉತ್ತರ ಕೊಡದೆ ಇನ್ಯಾರು ಕೊಡುತ್ತಾರೆ, ಕೂತ್ಕೊಳ್ಳಿ, ಈ ನಿಯಮಕ್ಕೆ ಮಾತ್ರ ಕೈ ಎತ್ತಬೇಡಿ ಅಂದರು.

ಅಕ್ಕ ಇಸ್ತ್ರಿ ಮಾಡಿದ ಉಡುಪು ಹಾಕಿಕೊಂಡು, ಕನ್ನಡಕ ಒರೆಸುತ್ತಾ ಬಂದರು. ತಂಗಿಯ ಕಡೆ ನೋಡಲಿಲ್ಲ. ಸಭೆಯ ಟಿಪ್ಪಣಿ ಬರೆಯಲು ಕೂತಿದ್ದ ನಾನೂ ಸೇರಿದಂತೆ ಎಲ್ಲರೂ ಗಿರಾಕಿಗಳ ಮಾತು ಎತ್ತುತ್ತಾರೆ ಅಂದುಕೊಂಡಿದ್ದೆವು. ಅದನ್ನು ಎತ್ತಲೇ ಇಲ್ಲ.

"ಇವರು ಬರೆದಿರೋದು ಒಳ್ಳೇದಕ್ಕೇ," ಎಂದು ಅಧ್ಯಕ್ಷರಿಗೆ ಹೇಳಿದರು. "ಆದ್ರೆ ಪ್ರಾಣಿಗೆ ಮೈ ಹುಷಾರಿಲ್ಲ ಅಂದ್ರೆ ಮೊದಲು ಮಾಡೋ ಕೆಲಸ ಅವಿತುಕೊಳ್ಳೋದು. ನಾನು ದಿನಾ ಕಣ್ಣಲ್ಲಿ ಕಣ್ಣಿಟ್ಟು ನೋಡೋದ್ರಿಂದ ಎಷ್ಟೋ ಪ್ರಾಣಿ ಉಳಿದಿವೆ. ಮರೆ ಕೊಟ್ಟುಬಿಟ್ರೆ, ಸೋಮಾರಿ ಅಂಗಡಿಯವನು ಬಗ್ಗಿ ನೋಡ್ತಾನಾ? ಒಳಗೇ ಸತ್ತಿರುತ್ತೆ, ನಾತ ಬಂದ್ಮೇಲೆ ಗೊತ್ತಾಗುತ್ತೆ."

ಎಲ್ಲರೂ ಡಾಕ್ಟರಮ್ಮನ ಮುಖ ನೋಡಿದರು. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ಅಕ್ಕ ಹೇಳಿದ್ದು ನಿಜ," ಅಂದರು. "ಅದು ನನಗೆ ಹೊಳೀಲಿಲ್ಲ."

ಸರ್ಕಾರಿ ಸಭೆಯಲ್ಲಿ ಹಾಗೆ ಒಪ್ಪಿಕೊಂಡವರನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಿಯಮ ಉಳಿಯಿತು, ಆದರೆ ಬದಲಾಯಿತು. ಮರೆಯ ಒಂದು ಬದಿ ಆರೈಕೆಯವರು ಬಗ್ಗಿ ನೋಡುವಂತೆ ತೆರೆದಿರಬೇಕು, ದಿನವೂ ಪ್ರತಿ ಪ್ರಾಣಿಯನ್ನೂ ಕಣ್ಣಾರೆ ನೋಡಬೇಕು, ತಿಂದಿತೋ ಇಲ್ಲವೋ ವಿಚಾರಿಸಬೇಕು ಎಂದು ಸೇರಿತು. ಡಾಕ್ಟರಮ್ಮ ಕೈ ಎತ್ತಲಿಲ್ಲ. ಉಳಿದವರು ಎತ್ತಿದರು.

ಅಕ್ಕ ಗೆದ್ದೆ ಅಂದುಕೊಳ್ಳಲಿಲ್ಲ. ಸಂಘದವರ ಪಾಲಿಗೆ ಅವರು ಸೋತುಬಂದವರು, ಅಷ್ಟೇ ಅಲ್ಲ, ಕೈಯಾರೆ ನಿಯಮವನ್ನು ಗಟ್ಟಿ ಮಾಡಿಕೊಟ್ಟವರು. ಸಂಘದವರ ಚುಚ್ಚುಮಾತೆಲ್ಲ ಕೇಳಿ ಕೇಳಿ ಅಕ್ಕನ ಸಿಟ್ಟು ತಂಗಿಯ ಮೇಲೆ ತಿರುಗಿತು. ನಿಯಮ ಜಾರಿಗೆ ಬಂದ ಮೇಲೆ ಬೇರೆ ತಪಾಸಣೆಯವರು ಹೋಗಿ, ಮುಂಭಾಗದ ಗೂಡುಗಳಲ್ಲಿ ಮರೆಯಿಲ್ಲವೆಂದು ಅಕ್ಕನಿಗೆ ನೋಟಿಸು ಕೊಟ್ಟುಬಂದರು. ಅಂದಿನಿಂದ ಮಾತು ನಿಂತಿತು. ಭಾನುವಾರದ ಊಟವೂ ನಿಂತಿತು. ಡಾಕ್ಟರಮ್ಮ ಭಾನುವಾರಗಳಂದು ಕಚೇರಿಗೆ ಬಂದು ಕೂರುತ್ತಿದ್ದರೆಂದು ಕಾವಲುಗಾರ ಹೇಳಿದ. ಏನಾದರೂ ಸಹಾಯ ಮಾಡಿ ನೋಟಿಸು ಸರಿಮಾಡಿಸಬಹುದಲ್ಲ ಎಂದು ನಾನೇ ಒಮ್ಮೆ ಸೂಚಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಾಗೆ ಮಾಡಿದ್ರೆ ಅಕ್ಕ ನನ್ನ ಇನ್ನೂ ಕೀಳಾಗಿ ನೋಡ್ತಾಳೆ," ಅಂದರು.

ಅಕ್ಕ ಕಡೆಗೆ ಗೂಡುಗಳನ್ನು ಸರಿಪಡಿಸಿದರು. ಸಿಟ್ಟಿನಲ್ಲೇ ಮಾಡಿದರೂ ಚೆನ್ನಾಗಿ ಮಾಡಿದರು, ಮರದ ಪುಟ್ಟ ಪೆಟ್ಟಿಗೆಗಳನ್ನು ಹೊಡೆಸಿ ಅಂಚು ಉಜ್ಜಿಸಿದರು. ಮರಿಗಳ ಮಾರಾಟ ಮಾತ್ರ ಇಳಿಯಿತು. ಒಂದೆರಡು ವರ್ಷಕ್ಕೆ ಅದನ್ನು ಬಿಟ್ಟು ಬರೀ ವಸತಿ ಇಟ್ಟುಕೊಂಡರು, ಮುಂಭಾಗಕ್ಕೆ ಬಣ್ಣದ ಮೀನುಗಳ ತೊಟ್ಟಿ ತಂದಿಟ್ಟರು. ನಿಯಮದಿಂದ ಅಕ್ಕನಿಗೆ ನಷ್ಟವೇ ಆಗಲಿಲ್ಲ ಎಂದು ಡಾಕ್ಟರಮ್ಮ ಯಾವತ್ತೂ ಹೇಳಿದವರಲ್ಲ. ಆಯಿತು, ನನ್ನಿಂದಲೇ ಆಯಿತು ಎನ್ನುತ್ತಿದ್ದರು. ಅಕ್ಕನ ಗಂಡನ ಕಾಲು ಮುರಿದಾಗ ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕತಂಗಿ ಅಕ್ಕಪಕ್ಕ ಕೂರಬೇಕಾಯಿತು. ಊಟ ಮಾಡಿದೆಯಾ ಎಂದು ಅಕ್ಕ ಕೇಳಿದರು, ಇಲ್ಲ ಅಂದರು ತಂಗಿ. ಅಲ್ಲಿಂದ ಮಾತು ಶುರುವಾಯಿತು. ಮರೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಡಾಕ್ಟರಮ್ಮ ನಿವೃತ್ತರಾದ ಮೇಲೆ ಹೊಸ ತಲೆಮಾರಿನ ವೈದ್ಯರು ಅವರ ಮಾನದಂಡವನ್ನು ತಿದ್ದಲು ಕೂತರು. ಗೂಡಿನ ಅಳತೆ ತೀರಾ ಕಡಿಮೆಯಾಯಿತು, ಆಗಿನವರು ಹೇಗೆ ಒಪ್ಪಿದರೋ ಎಂದು ಒಬ್ಬಾಕೆ ಸಭೆಯಲ್ಲಿ ಅಂದಳಂತೆ. ಅದನ್ನು ನಾನು ಹೇಳಿದಾಗ ಅವರ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ, ಒಳ್ಳೇದಾಯ್ತು ಬಿಡು, ಕಡಿಮೆ ಅನ್ನಿಸೋ ಕಾಲ ಬಂತಲ್ಲ, ಅಂದರು.

ಅದೇ ಹುಡುಗಿ ಒಮ್ಮೆ ಅವರಿಗೆ ಫೋನ್ ಮಾಡಿ, ಮೀನುಗಳಿಗೂ ನಿಯಮ ಬರೆಯುತ್ತಿದ್ದೇವೆ, ಸಲಹೆ ಕೊಡಿ ಎಂದು ಕೇಳಿದಳು. ಮೀನಿನ ವಿಷಯ ನನಗೇನೂ ತಿಳಿಯದಮ್ಮ, ನೋಡಿ ಹೇಳುತ್ತೇನೆ ಅಂದರಂತೆ. ಮರುದಿನ ಮಧ್ಯಾಹ್ನ ನಾನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಅಕ್ಕನ ಅಂಗಡಿಯೊಳಗೆ ಅವರು ಕಂಡರು. ತೊಟ್ಟಿಯ ಮುಂದೆ ಒಂದು ಮಣೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಅಕ್ಕ ಇನ್ನೊಂದು ಮಣೆ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತು, ಗಾಜಿನ ಮೇಲೆ ಬೆರಳಿಟ್ಟು ಏನನ್ನೋ ತೋರಿಸುತ್ತಿದ್ದರು.