ಗುಡಗೇರಿಯಿಂದ ಗಾಳಿಯಲ್ಲಿ ಬಂದ ಪಾಕೀಟು

ನಮ್ಮೂರಿನಲ್ಲಿ ಬಣವೆ ಕೆಮ್ಮುವಂತೆ ಮಾಡಿದವನು ನಾನೊಬ್ಬನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ನಿಜ ಹೇಳಿದ ದಿನ ಯಾರೂ ಯಾಕೆ ನಂಬಲಿಲ್ಲ ಅನ್ನುವುದಕ್ಕೆ ಕಾರಣ ಅಲ್ಲೇ ಇದೆ. ಬಾಜು ಮನೆಯಲ್ಲಿ ಸೊಸೈಟಿಯ ಗುಮಾಸ್ತರಾಗಿ ನಿವೃತ್ತರಾದವರೊಬ್ಬರಿದ್ದಾರೆ. ಅವರ ಬಣವೆಯೊಳಗೆ ಹಳೆಯ ಸ್ಪೀಕರ್ ತೂರಿಸಿ, ವೈರನ್ನು ನನ್ನ ಹಿತ್ತಲಿನವರೆಗೆ ಎಳೆದು, ಅವರು ಮೇವು ಹಿರಿಯಲು ಬಂದಾಗ ಎರಡು ಸಲ ಮೈಕಿನಲ್ಲಿ ಕೆಮ್ಮಿದೆ. ಅವರು ಕೈಮುಗಿದು ನಿಂತರು. ಮೂರನೆಯ ಸಲ ಕೆಮ್ಮುವಾಗ ನನಗೆ ನಗು ಬಂತು, ಬಣವೆಯೂ ನಕ್ಕಿತು, ಸಿಕ್ಕಿಬಿದ್ದೆ.

ನಾನು ಕರೆಂಟಿನ ಕಂಬ ಹತ್ತಿ ಇಳಿದೇ ಪಿಂಚಣಿಗೆ ಬಂದ ಲೈನ್‌ಮನ್. ಯರಗುಪ್ಪಿ ಕಡೆಯ ಕರಿನೆಲದ ಊರು ನಮ್ಮದು. ಕಣ್ಣು ಹೋದಷ್ಟೂ ಬಯಲು, ರೇಡಿಯೋ ಅಲೆಗೆ ಅಡ್ಡ ಬರುವ ಒಂದು ಗುಡ್ಡವೂ ಇಲ್ಲ. ಗುಡಗೇರಿಯಲ್ಲಿರುವ ನನ್ನ ಮುಸಲ್ಮಾನ ಗೆಳೆಯ ಅಂಚೆ ಕಚೇರಿಯಲ್ಲಿ ತಂತಿ ಕುಟ್ಟುತ್ತಿದ್ದವನು. ತಂತಿ ನಿಂತುಹೋದ ಮೇಲೆ ಅವನ ಬೆರಳು ಸುಮ್ಮನಿರಲಿಲ್ಲ. ಅವನೇ ನನಗೆ ಹ್ಯಾಮ್ ಅನ್ನುವ ಹವ್ಯಾಸಿ ರೇಡಿಯೋದ ಹುಚ್ಚು ಹಚ್ಚಿದ. ಇಬ್ಬರೂ ಪರೀಕ್ಷೆಗೆ ಕೂತೆವು, ಇಬ್ಬರೂ ಪಾಸಾದೆವು, ಸರ್ಕಾರದ ಲೈಸೆನ್ಸ್ ಪಡೆದೆವು. ನನಗೆ ಅವನಿಗಿಂತ ಹೆಚ್ಚು ಅಂಕ ಬಂದಿದ್ದವು. ಅವನು ಇದನ್ನು ಒಪ್ಪುವುದಿಲ್ಲ, ಆದರೆ ಬರೆಯುತ್ತಿರುವವನು ನಾನು.

ಒಂದಷ್ಟು ಕಾಲ ಮೈಕಿನಲ್ಲಿ ಮಾತಾಡಿದೆವು. ಆಮೇಲೆ ಮೋಡೆಮ್ ಬಂತು. ಹುಬ್ಬಳ್ಳಿಯ ಹಳೆಯ ಹವ್ಯಾಸಿಯೊಬ್ಬರು ತಮ್ಮ ಹತ್ತಿರ ಬಿದ್ದಿದ್ದ ಎರಡನ್ನು ನಮಗೆ ಒಂದೊಂದು ಕೊಟ್ಟರು. ಊಟದ ಡಬ್ಬಿಯಷ್ಟು ದೊಡ್ಡದು, ಮುಂದೆ ಸಾಲಾಗಿ ಸಣ್ಣ ದೀಪಗಳು. ಕಂಪ್ಯೂಟರಿನಲ್ಲಿ ನಾನು ಕುಟ್ಟಿದ ಅಕ್ಷರಗಳನ್ನು ಅದು ಸಣ್ಣ ಸಣ್ಣ ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಯಾರಿಂದ ಯಾರಿಗೆ ಎಂದು ವಿಳಾಸ ಹಚ್ಚಿ, ಕಿರ್ರ್ ಎನ್ನುವ ಸದ್ದಾಗಿಸಿ ರೇಡಿಯೋ ಸೆಟ್ಟಿಗೆ ಕೊಡುತ್ತದೆ. ಆ ಕಡೆಯ ಡಬ್ಬಿ ಸದ್ದನ್ನು ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ಸರಿಯಾಗಿ ಬಂದಿದ್ದರೆ ಮುಟ್ಟಿತು ಎಂದು ತಾನೇ ತಿರುಗಿ ಹೇಳುತ್ತದೆ. ಕೆಟ್ಟು ಬಂದಿದ್ದರೆ ಸುಮ್ಮನಿರುತ್ತದೆ. ಆಗ ನಮ್ಮದು ಅದೇ ಕಟ್ಟನ್ನು ಮತ್ತೆ ಕಳಿಸುತ್ತದೆ. ಒಮ್ಮೆ ಕಳಿಸಿ ಮರೆತುಬಿಡುವ ಜಾತಿಯದಲ್ಲ ಅದು.

ಆ ಕಟ್ಟಿನ ಹೆಸರು ಪ್ಯಾಕೆಟ್. ನಮ್ಮ ಬಾಯಲ್ಲಿ ಪಾಕೀಟು. ಎಲ್ಲ ರಾಮಾಯಣವೂ ಅಲ್ಲಿಂದಲೇ ಶುರುವಾಯಿತು.

ನಮ್ಮ ಕಡೆ ಹಾಲಿನದಕ್ಕೆ ಹಾಲಿನ ಪಾಕೀಟು ಅನ್ನುತ್ತಾರೆ, ಎಣ್ಣೆಯದಕ್ಕೆ ಎಣ್ಣೆ ಪಾಕೀಟು. ಮುಂದೆ ಏನೂ ಹಚ್ಚದೆ ಬರೇ ಪಾಕೀಟು ಅಂದರೆ ಒಂದೇ ಅರ್ಥ: ಮೂಲೆ ಕತ್ತರಿಸಿ ಬಾಯಿಗೆ ಸುರಿದುಕೊಳ್ಳುವಂಥ ಸಾರಾಯಿ. ಊರಿನ ಒಂದು ಪಾನ್ ಅಂಗಡಿಯಲ್ಲಿ ಅದನ್ನು ಕದ್ದು ಮಾರುತ್ತಿದ್ದರು. ಹೆಂಗಸರ ಸಂಘದವರು ಅಂಗಡಿಯ ಮುಂದೆ ಮೂರು ದಿನ ಕೂತು ಅದನ್ನು ಬಂದ್ ಮಾಡಿಸಿದ್ದರು. ಆ ಸಂಘದ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ನನ್ನ ಹೆಂಡತಿ.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಗುಮಾಸ್ತರು ಗೋಡೆಯಾಚೆ ಕಿವಿ ಇಟ್ಟು ನಿಂತಿರುವುದನ್ನು ನೋಡಿದರೆ ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಕುಣಿಯುತ್ತದೆ. ಮೈಕು ಹಿಡಿದು ಗೆಳೆಯನಿಗೆ ಜೋರಾಗಿ ಹೇಳುತ್ತಿದ್ದೆ: "ಲೇ, ನಿನ್ನ ಎರಡ ಪಾಕೀಟ್ ಮುಟ್ಟಿದುವು. ಮೂರನೇದ್ದು ದಾರ್ಯಾಗ ಕೆಟ್ಟು ಹೋತು, ಇನ್ನೊಂದ ಬಿಡು!"

ಒಂದು ಗುರುವಾರ ಮುಂಜಾನೆ ಗುಮಾಸ್ತರಿಗೆ ತಡೆಯಲಾಗಲಿಲ್ಲ. ಗೋಡೆಯ ಮೇಲಿಂದ ತಲೆ ಎತ್ತಿದರು.

"ಲೈನ್‌ಮನ್ರ, ಗುಡಗೇರಿಂದ ಏನೋ ಬರಾಕತ್ತೈತಂತಲ್ರಿ?"

"ಪಾಕೀಟ್ರಿ ಗುಮಾಸ್ತರ. ಮುಂಜಾನಿಂದ ಹನ್ನೆರಡು ಬಂದುವು."

"ಹನ್ನೆರಡ? ಯಾರು ತಂದು ಕೊಡತಾರ?"

"ಯಾರೂ ತರೂದಿಲ್ರಿ. ಗಾಳ್ಯಾಗ ಬರತಾವು."

"ನಿಮ್ಮ ಮನಿಯವರಿಗೆ ಗೊತ್ತೈತೇನು?"

"ಅಕಿಗೆ ವಾಸನಿ ಹತ್ತೂದಿಲ್ಲ ಬಿಡ್ರಿ. ಇವು ಅಗದಿ ಹೊಸಾ ನಮೂನಿ."

ಗುಮಾಸ್ತರು ಅಲ್ಲಿಂದ ಹೋದ ವೇಗ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಧ್ಯಾಹ್ನದ ಊಟದವರೆಗೂ ನಕ್ಕೆ. ಊಟಕ್ಕೆ ಕೂತಾಗ ಹೆಂಡತಿ ರೊಟ್ಟಿ ಹಾಕಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಎದುರು ಕೂತಳು.

"ಯಾರ ಮನ್ಯಾಗ ಪಾಕೀಟ್ ಸಿಗತೈತೋ ಆ ಮನ್ಯಾಕಿ ಸಂಘದಾಗ ಇರಬಾರದು ಅಂತ ಠರಾವು ಮಾಡಿಸಿದಾಕಿ ನಾನು. ಸಹಿ ನಂದ ಐತಿ. ನಾಳೆ ಅವರು ನಮ್ಮ ಮನಿಗೇ ಬರತಾರ್ರಿ."

"ಬರಲಿ ಬಿಡು, ಚಾ ಕುಡದ ಹೋಗ್ಲಿ."

"ಚ್ಯಾಷ್ಟಿ ಸಾಕು," ಎಂದಳು. ದನಿ ಸಣ್ಣದಾಗಿತ್ತು. "ಆ ಅಂಗಡಿ ಮುಂದ ಮೂರು ದಿನ ಬಿಸಲಾಗ ಕುಂತೀನಿ. ಕುಡುಕರ ಕಡಿಂದ ಬೈಸಿಕೊಂಡೀನಿ. ಈಗ ನನ್ನ ಠರಾವಿಗೆ ನಾನ ಬೀಳಬೇಕೇನು?"

ಅವಳು ಕೂಗಾಡಿದ್ದರೆ ನಾನು ತಿರುಗಿ ಏನಾದರೂ ಅಂದು ಗೆಲ್ಲುತ್ತಿದ್ದೆ. ಆ ಸಣ್ಣ ದನಿ ಕೇಳಿ ಖಾಲಿ ತಾಟು ಬಿಟ್ಟು ಎದ್ದೆ.

ಮರುದಿನ ಶುಕ್ರವಾರ ಮಧ್ಯಾಹ್ನ ಹನ್ನೊಂದು ಹೆಂಗಸರು ಬಂದರು. ಪಡಸಾಲೆ ತುಂಬಿತು. ಮೊದಲು ಮನೆ ಜಾಲಾಡಿದರು: ಹೊರಸಿನ ಕೆಳಗೆ, ಜೋಳದ ಚೀಲದ ಹಿಂದೆ, ನನ್ನ ಹಳೆಯ ಬೂಟಿನೊಳಗೆ. ಒಬ್ಬಾಕೆ ಮೋಡೆಮ್ ಎತ್ತಿ ಮೂಸಿ ನೋಡಿದಳು.

"ಬರೇ ಬಿಸಿ ತಗಡಿನ ವಾಸನಿ ಬರತೈತ್ರಿ."

ನಾನು ಎದ್ದು ನಿಂತು ನಿಜ ಹೇಳಿದೆ. ಪಾಕೀಟು ಅಂದರೆ ಅಕ್ಷರದ ಕಟ್ಟು, ಅದು ಈ ಡಬ್ಬಿಯಿಂದ ಹೋಗುತ್ತದೆ, ಆ ಡಬ್ಬಿಯಿಂದ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಜೀವನದಲ್ಲಿ ಅಷ್ಟು ಹೊತ್ತು ಒಂದೂ ಸುಳ್ಳು ಬೆರೆಸದೆ ನಾನು ಮಾತಾಡಿದ್ದೇ ಇಲ್ಲ.

"ಬಣವಿ ಕೆಮ್ಮಿಸಿದ ಬಾಯಿ ಅಲ್ಲೇನ್ರಿ ಇದು?" ಎಂದಳು ಅವರಲ್ಲಿ ಎಲ್ಲರಿಗಿಂತ ಹಿರಿಯಾಕೆ. ಅವಳು ತನ್ನ ಮಗಳನ್ನು ಗುಡಗೇರಿಗೆ ಕೊಟ್ಟಿದ್ದಳು. ಮಗಳ ಮನೆ ನನ್ನ ಗೆಳೆಯನ ಓಣಿಯಲ್ಲೇ ಇತ್ತು. "ಅಕ್ಷರ ಹೋಗತಾವಂದ್ರ ಈಗ ನಮ್ಮ ಕಣ್ಣಮುಂದ ಕಳಸ್ರಿ. ಪ್ರಶ್ನಿ ನಾ ಕೇಳತೀನಿ. ಈಗಿಂದೀಗ ನನ್ನ ಮಗಳ ಮಾಳಿಗಿ ಮ್ಯಾಲ ಏನ ನಡದೈತಿ? ನಿಮ್ಮ ಗೆಳ್ಯಾರು ಹೋಗಿ ನೋಡಿ ಹೇಳಲಿ. ಆಮ್ಯಾಲ ನಾ ಮಗಳಿಗೆ ಫೋನ್ ಹಚ್ಚಿ ತಾಳೆ ಹಾಕಿ ನೋಡತೀನಿ."

ಎಂಥಾ ತಲೆ! ನನಗೇ ಅಸೂಯೆಯಾಯಿತು. ನಾನು ಕಳ್ಳಾಟ ಆಡದಂತೆ ನನ್ನ ಫೋನನ್ನು ಕಸಿದು ಸೆರಗಿನಲ್ಲಿ ಕಟ್ಟಿಕೊಂಡಳು. ಸಂಘದ ಕಾರ್ಯದರ್ಶಿಯಾಗಿದ್ದ ಅಂಗನವಾಡಿ ಟೀಚರು ಪರದೆಯ ಮುಂದೆ ನನ್ನ ಬಾಜು ಕೂತಳು, ನಾನು ಏನನ್ನು ಕುಟ್ಟುತ್ತೇನೆಂದು ನೋಡಲು.

ಸೆಟ್ಟು ಹಾಕಿದೆ. ಮಾಳಿಗೆಯ ಮೇಲಿನ ಬಿದಿರ ಗಳಕ್ಕೆ ಕಟ್ಟಿದ ಆಂಟೆನಾವನ್ನು ಅಂಗಳಕ್ಕಿಳಿದು ಒಮ್ಮೆ ನೋಡಿ ಬಂದೆ, ನೆಟ್ಟಗಿತ್ತು. ಗೆಳೆಯನ ಡಬ್ಬಿಯನ್ನು ಕರೆದೆ. ಕೆಂಪು ದೀಪ ಹತ್ತಿತು, ಕಿರ್ರ್ ಎಂದಿತು, ಆ ಕಡೆಯಿಂದ ಚಿರ್ರ್ ಎಂದು ಉತ್ತರ ಬಂತು. ಎರಡೂ ಡಬ್ಬಿ ಕೂಡಿಕೊಂಡವೆಂದು ಪರದೆಯ ಮೇಲೆ ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಪ್ರಶ್ನೆ ಕಳಿಸಿದೆ. ಮುಟ್ಟಿತು.

"ನೋಡ್ರಿ, ಮುಟ್ಟಿತು!" ಎಂದು ಮೀಸೆ ತಿರುವಿದೆ.

ಆಮೇಲೆ ಏನೂ ಬರಲಿಲ್ಲ. ಐದು ನಿಮಿಷ. ಹತ್ತು ನಿಮಿಷ. ಮೀಸೆ ಬಿಟ್ಟೆ.

"ಮುಟ್ಟಿದ್ದರ ಉತ್ತರ ಯಾಕ ಬರವಲ್ದು ಕಾಕಾರ?" ಎಂದು ಟೀಚರು ಕೇಳಿದಳು. ಹಿಂದೆ ಯಾರೋ ಕಿಸಕ್ಕೆಂದರು. ಗೋಡೆಯಾಚೆ ಗುಮಾಸ್ತರ ಚಪ್ಪಲಿ ಸದ್ದು ಕೇಳಿಸಿತು, ಹತ್ತಿರ ಬಂದು ನಿಂತಿತು.

ಆಗ ಹೊಳೆಯಿತು. ಶುಕ್ರವಾರ! ಗೆಳೆಯ ನಮಾಜಿಗೆ ಹೋಗಿದ್ದಾನೆ. ಅವನು ಮನೆಯಲ್ಲಿಲ್ಲದಿದ್ದರೂ ಅವನ ಡಬ್ಬಿ ನನ್ನ ಮಾತನ್ನು ಇಸಿದುಕೊಂಡು ಹೊಟ್ಟೆಯಲ್ಲಿಟ್ಟುಕೊಂಡಿದೆ. ಅವನು ಬರಬೇಕು, ನೋಡಬೇಕು, ಬಿಸಿಲಿನಲ್ಲಿ ಓಣಿಗೆ ಹೋಗಬೇಕು, ತಿರುಗಿ ಬಂದು ಕುಟ್ಟಬೇಕು. ಇದನ್ನು ಹೇಳಿದೆ.

"ಇದೊಂದ ಹೊಸಾ ಕೆಮ್ಮು," ಎಂದಳು ಹಿರಿಯಾಕೆ.

ಹೆಂಡತಿ ಒಳಗೆ ಹೋಗಿ ಚುರುಮುರಿ ಹಾಕಿ ಗಿರ್ಮಿಟ್ ಕಲಿಸಿ ತಂದಳು. ಅವಳ ಕೈಯ ಗಿರ್ಮಿಟ್ ತಿಂದು ಮೂಗು ಒರೆಸಿಕೊಂಡವರನ್ನು ನಾನು ಅಂದೇ ಮೊದಲು ನೋಡಿದ್ದು. ಖಾರ ಹೆಚ್ಚು ಬಿದ್ದಿತ್ತು. ಎಲ್ಲರೂ ನೀರು ಕೇಳಿದರು. ಅವಳು ಠರಾವಿನ ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಸಹಿಯಿದ್ದ ಹಾಳೆಯಲ್ಲಿ ಹೆಬ್ಬೆರಳಿಟ್ಟು ಕೂತಳು. ನಾನು ಡಬ್ಬಿಯನ್ನು ನೋಡುತ್ತ ಕೂತೆ.

ಟೀಚರು ಎದ್ದು ನಿಂತಳು. "ಇನ್ನ ಠರಾವಿನ ಪ್ರಕಾರ..." ಎಂದಳು.

ಕಿರ್ರ್ ಎಂದಿತು ಸೆಟ್ಟು.

"ನೀನ ಓದವ್ವಾ ಟೀಚರ, ನಾ ಬಾಯಿ ಮುಚ್ಚತೀನಿ," ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವಳು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು:

"ಮಾಳಿಗಿ ಮ್ಯಾಲ ಎರಡ ಹೊರಸಿನ ತುಂಬ ಶಾವಿಗಿ ಒಣಹಾಕ್ಯಾರ. ಅಳಿಯಂದ್ರು ಛತ್ರಿ ಹಿಡಕೊಂಡು ಕಾಗಿ ಓಡಸಾಕತ್ತಾರ. ಮಗಳು ನೆರಳಾಗ ಕುಂತು ಎತ್ತಾಗ ಓಡಬೇಕಂತ ಹೇಳಾಕತ್ತಾಳ. ಲೇ ಹುಚ್ಚಾ, ನಮಾಜ್ ಮುಗಿಸಿ ಬಂದೀನಿ, ಇನ್ನೂ ಊಟಾ ಆಗಿಲ್ಲ. ಇದೇನ ನಿನ್ನ ಕಾರಭಾರ?"

ಹಿರಿಯಾಕೆ ಮಗಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಏನವ್ವಾ ಮಗಳ, ಮಾಳಿಗಿ ಮ್ಯಾಲ ಏನ ನಡಸೀರಿ?"

"ಶಾವಿಗಿ ಹಾಕೇನವ್ವಾ."

"ಕಾಗಿ ಯಾರು ಓಡಸಾಕತ್ತಾರ?"

ಆ ಕಡೆ ಮಗಳ ಹಿಂದೆ ಗಂಡಸಿನ ದನಿ ಸ್ಪಷ್ಟವಾಗಿ ಕೇಳಿತು: "ಹುಷ್! ಹುಷ್! ಹೋಗಲೇ!"

"ಅಯ್ಯ ಯವ್ವಾ," ಎಂದಳು ಮಗಳು, "ನಿನಗ ಯಾರು ಹೇಳಿದ್ರು?"

ಪಡಸಾಲೆ ಹಾರಿಹೋಗುವಂತೆ ನಕ್ಕರು. ತನ್ನ ಅಳಿಯ ಕುಡಿಯುವ ನೀರನ್ನೂ ತಾನಾಗಿ ತಗೊಳ್ಳುವವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು ಆ ಹಿರಿಯಾಕೆ. ಎಲ್ಲರಿಗಿಂತ ಹೆಚ್ಚು ನಕ್ಕು, ಸೆರಗಿನ ಗಂಟು ಬಿಚ್ಚಿ ನನ್ನ ಫೋನು ಕೊಟ್ಟಳು. ಆಮೇಲೆ ನನ್ನ ಹೆಂಡತಿಯ ಕೈ ಹಿಡಿದು, "ಅಧ್ಯಕ್ಷರ, ಆ ಬುಕ್ಕ ಮುಚ್ಚ್ರಿ. ನಿಮ್ಮ ಮನಿ ಪಾಕೀಟ್ ನಮಗೂ ಬೇಕ್ರಿ," ಎಂದಳು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾರ ಎಂದಳು. ಇರಲಿ.

ನಾನು ಹಿತ್ತಲಿಗೆ ಓಡಿದೆ. "ಗುಮಾಸ್ತರ! ಒಂದ ಪಾಕೀಟ್ ಬಿಡ್ಲೇನ್ರಿ ನಿಮಗೂ?" ಗೋಡೆಯಾಚೆ ಚಪ್ಪಲಿಗಳು ಲಗುಬಗೆಯಿಂದ ದೂರ ಹೋದವು.

ತಿರುಗಿ ಒಳಗೆ ಬಂದಾಗ ಹೆಂಡತಿ ಬುಕ್ಕು ಮುಚ್ಚಿರಲಿಲ್ಲ. ಹೊಸ ಹಾಳೆ ತೆಗೆದಿದ್ದಳು.

"ಆ ಹೆಸರು ಇನ್ನ ಈ ಮನ್ಯಾಗ ಬ್ಯಾಡ. ಬರಕೋರಿ ಟೀಚರ."

"ಹಂಗಾರ ಏನನ್ನೂಣು?" ಎಂದೆ. "ಇಡೀ ಜಗತ್ತ ಹಂಗ ಅಂತೈತಿ."

ಅವಳು ಯೋಚಿಸಲೂ ಇಲ್ಲ. "ಇಲ್ಲಿ ಕಟ್ಟತೀರಿ, ಹೆಸರು ಹೇಳಿ ಕಳಸತೀರಿ, ಅವರು ಅಲ್ಲಿ ಬಿಚ್ಚತಾರ. ಬುತ್ತಿ ಅನ್ರಿ."

ಹನ್ನೊಂದು ಕೈ ಮೇಲೆದ್ದವು. ಹನ್ನೆರಡನೆಯದು ನನ್ನದು, ಗಂಡಸರದು ಲೆಕ್ಕಕ್ಕಿಲ್ಲ ಎಂದು ಟೀಚರು ಅದನ್ನು ಬರೆದುಕೊಳ್ಳಲಿಲ್ಲ.

ಅಂದಿನಿಂದ ನಾವಿಬ್ಬರೂ ಗಾಳಿಯಲ್ಲಿ ಬುತ್ತಿಯನ್ನೇ ಕಳಿಸುತ್ತಿದ್ದೇವೆ. ಕೇಳಿ ಕೇಳಿ ಹುಬ್ಬಳ್ಳಿ ಕಡೆಯ ಹವ್ಯಾಸಿಗಳ ಬಾಯಿಗೂ ಅದೇ ಬಂದಿದೆ. ಮೊನ್ನೆ ಅವರಲ್ಲೊಬ್ಬರು ಮೈಕಿನಲ್ಲಿ ಕೇಳಿದರು, ಬುತ್ತಿ ಅನ್ನುವುದು ಯಾವ ಇಂಜಿನಿಯರು ಮಾಡಿದ ಶಬ್ದ ಎಂದು. ನಾನು ಮೈಕನ್ನು ಹೆಂಡತಿಯ ಕಡೆ ತಿರುಗಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವರು ಕೇಳಿಸಿಕೊಂಡಿದ್ದು ಆ ತಟತಟ ಸದ್ದನ್ನೇ.