ಮೂವತ್ತೇಳನೇ ನಂಬರಿನ ರೈಫಲ್

ಭೂಪಾಲನ ರೈಫಲ್ ಕೆಡಿಸಿದವನು ನಾನು. ಅದು ಕೆಟ್ಟೇ ಇರಲಿಲ್ಲ ಎಂದು ದಾಖಲೆಯಲ್ಲಿ ಬರೆದವನೂ ನಾನೇ. ಮೊದಲನೆಯದು ಮೂರ್ಖತನ. ಎರಡನೆಯದಕ್ಕೆ ಆ ಹೆಸರು ಸಾಲದು.

ಇದನ್ನು ಬರೆ ಎಂದು ಯಾರೂ ಹೇಳಿರಲಿಲ್ಲ. ಕೊಲ್ಹಾಪುರದಲ್ಲಿ ಮಾಜಿ ಸೈನಿಕರ ಮೇಳಾವಾ, ಅಂದರೆ ಸಮಾವೇಶ, ಇದೆ, ಅದಕ್ಕೊಂದು ಪುಸ್ತಿಕೆ ಮಾಡುತ್ತಿದ್ದಾರೆ. "ನಮ್ಮ ಹಳೇ ರೈಫಲ್ಲಿನ ಇತಿಹಾಸ ನೀವ ಬರೀಬೇಕ್ರಿ. ಬಂದೂಕಿನ ಜೋಡಿ ನಿಮ್ಮಷ್ಟು ಸಂಸಾರ ಮಾಡಿದವ್ರು ಯಾರದಾರ?" ಎಂದು ಫೋನಿನಲ್ಲಿ ನಕ್ಕರು. ನಾನೂ ನಕ್ಕೆ. ಗಡಹಿಂಗ್ಲಜದ ಮನೆಯಲ್ಲಿ ಕೂತು ಮೂರು ಪುಟ ಬರೆದೆ — ಅದರ ಉದ್ದ ನಳಿಗೆ, ಇಪ್ಪತ್ತು ಗುಂಡಿನ ಮ್ಯಾಗಜಿನ್, ಹೊಸಬರ ಭುಜ ಕಂದಿಸುವ ಒದೆತ, ಕೊನೆಗೆ ಹಗುರವಾದ ಹೊಸ ರೈಫಲ್ ಬಂದು ಇದು ಮೂಲೆ ಸೇರಿದ್ದು. ಎಲ್ಲವೂ ನಿಜ. ಓದಿದರೆ ಮಾತ್ರ ಯಾರೋ ಬೇರೆಯವರು ಬರೆದಂತಿತ್ತು. ನನಗೆ ನಿಜವಾಗಿ ಗೊತ್ತಿರುವುದು ಒಂದೇ ರೈಫಲ್ಲಿನ ಇತಿಹಾಸ, ಅದನ್ನು ನಾನೇ ತಿದ್ದಿದ್ದೇನೆ.

ಬಂದೂಕುಗಳನ್ನು ಇಡುವ ಕೋಣೆಗೆ ಪಲ್ಟಣಿನಲ್ಲಿ ಕೋತ್ ಎನ್ನುತ್ತಾರೆ. ಅದರ ಕೀಲಿ ನನ್ನ ಹತ್ತಿರ ಇರುತ್ತಿತ್ತು. ಪ್ರತಿ ರೈಫಲ್ಲಿಗೆ ಒಂದು ನಂಬರು, ಒಂದು ಹಿಸ್ಟ್ರಿ ಶೀಟು — ಯಾವಾಗ ರಿಪೇರಿ ಆಯಿತು, ಏನು ಕೆಟ್ಟಿತು, ಎಲ್ಲ ಅದರಲ್ಲಿ. ಮೂವತ್ತೇಳು ಭೂಪಾಲನದು. ಅವನು ಹಾತಕಣಂಗಲೆ ಕಡೆಯ ಜೈನರ ಹುಡುಗ, ನಾನು ಉತ್ತೂರಿನವನು. ಇಡೀ ಕಂಪನಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಹೀಗಾಗಿ ಜಗಳವೂ ನಮ್ಮ ನಮ್ಮಲ್ಲೇ. ಅವನು ಫೌಜಿಗೆ ಬಂದದ್ದು ಅವನ ಅಪ್ಪನಿಗೆ ಸೇರಿರಲಿಲ್ಲ. ಜೀವಹಿಂಸೆಯ ಕೆಲಸ ಎಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ನಮ್ಮ ಮನೆಯಲ್ಲಿ ಖಂಡೇನವಮಿಗೆ, ಆಯುಧಪೂಜೆಯ ದಿನ, ಒಂದು ಪದ್ಧತಿ. ತೆಂಗಿನ ನೀರಿನಲ್ಲಿ ಬೆಲ್ಲ ಕದಡಿ ನೇಗಿಲು, ಕುಡುಗೋಲು, ಕೊಡಲಿ ಎಲ್ಲಕ್ಕೂ ಉಣಿಸುವುದು. ವರ್ಷವಿಡೀ ನಮಗೆ ಉಣಿಸಿದ ಕಬ್ಬಿಣಕ್ಕೆ ಒಂದು ದಿನ ನಾವು ಉಣಿಸುವುದು. ಆ ವರ್ಷ ಗಡಿಯ ಗುಡ್ಡದಲ್ಲಿದ್ದೆವು. ಅಣ್ಣ ಕೊಲ್ಹಾಪುರದ ಪೇಟೆಯಿಂದ ಬೆಲ್ಲದ ಪಾರ್ಸೆಲ್ ಕಳಿಸಿದ್ದ. ಪೂಜೆಗೆ ರೈಫಲ್‌ಗಳನ್ನು ನಿಲ್ಲಿಸಿ ಕುಂಕುಮ ಹಚ್ಚಿದೆ, ಬೆಲ್ಲದ ನೀರು ಚಿಮುಕಿಸಿದೆ. ಭೂಪಾಲ ಬಾಗಿಲಲ್ಲಿ ನಿಂತು ನಗುತ್ತಿದ್ದ. "ನನ್ನ ಬಂದೂಕಕ್ಕ ಎಣ್ಣಿ ಸಾಕೋ ಶಿವ್ಯಾ. ಬೆಲ್ಲ ನೀನ ತಿನ್ನು."

ಅವನು ಹೋದ ಮೇಲೆ ಅವನ ರೈಫಲ್ಲಿನ ನಳಿಗೆಯ ಬಾಯಿಗೆ ಒಂದು ಚಮಚ ಹೆಚ್ಚಿಗೆ ಹಾಕಿದೆ. ಕುಚೋದ್ಯಕ್ಕಲ್ಲ — ಅವನು ಕ್ಷೇಮವಾಗಿರಲಿ ಎಂದು. ಇವನ ದೇವರು ಬಂದೂಕು ಕಾಯುವುದಿಲ್ಲ, ನಮ್ಮದಾದರೂ ಕಾಯಲಿ ಎಂದು...

ಪೂಜೆ ಮುಗಿದ ಮೇಲೆ ಒಂದೊಂದನ್ನೂ ಬಿಚ್ಚಿ, ನಳಿಗೆಯಲ್ಲಿ ಬಟ್ಟೆ ಎಳೆದು, ಎಣ್ಣೆ ಹಾಕಬೇಕು. ಅವತ್ತು ಹಬ್ಬದ ಊಟ, ಆಮೇಲೆ ಇಸ್ಪೀಟು. ನಾಳೆ ಮಾಡಿದರಾಯಿತು ಎಂದು ಮೇಲೆ ಮೇಲೆ ಒರೆಸಿಟ್ಟೆ. ಮರುದಿನ ಬೆಳಿಗ್ಗೆಯೇ ಹೊರಡುವ ಹುಕುಂ ಬಂತು. ಗಾಡಿ ಸುರುವಾಗಿತ್ತು. ಭೂಪಾಲ ಓಡಿ ಬಂದು ರೈಫಲ್ಲಿಗಾಗಿ ಕೋತಿನ ಕಿಟಕಿಯಲ್ಲಿ ಕೈ ಚಾಚಿದ.

"ಒಳಗ ಸ್ವಚ್ಛ ಮಾಡಿಯೇನೋ?"

"ಮಾಡೇನಿ, ತಗೊಂಡ ನಡಿ."

ಎರಡೇ ಮಾತು. ಯಾರು ಕೊಟ್ಟ ರೈಫಲ್ಲನ್ನೂ ಬಿಚ್ಚಿ ನೋಡದೆ ಮುಟ್ಟದವನು ನನ್ನ ಮಾತಿಗೆ ಬೆಲೆ ಕೊಟ್ಟು ಹಾಗೇ ಒಯ್ದ.

ಎರಡು ದಿನ ಬಿಟ್ಟು ಗುಡ್ಡದ ಮೇಲೆ ಗುಂಡಿನ ಚಕಮಕಿ ಆಯಿತು. ಅವನ ರೈಫಲ್ ಒಂದು ಗುಂಡು ಹಾರಿಸಿ ನಿಂತುಬಿಟ್ಟಿತು. ಖಾಲಿ ತೋಟೆ ಒಳಗೇ ಕಚ್ಚಿಕೊಂಡಿತ್ತು. ಪಕ್ಕದಲ್ಲಿದ್ದ ಹವಾಲ್ದಾರರ ತೊಡೆಗೆ ಗುಂಡು ಬಿತ್ತು. ಅವರು ಬದುಕಿದರು, ಆದರೆ ಭೂಪಾಲ ಗುಂಡು ಹಾರಿಸಲಿಲ್ಲ ಎಂದು ಹೇಳಿದರು. ಅವರಿಗೆ ಕಂಡದ್ದು ಅಷ್ಟೇ.

ವಾಪಸ್ಸು ಬಂದವನು ರೈಫಲ್ಲನ್ನು ನನ್ನ ಕೈಗೇ ಕೊಟ್ಟ. "ನೋಡೋ, ಹೆಂಗ ಕಚ್ಚಿಕೊಂಡೈತಿ. ನೀ ಸಾಹೇಬ್ರಿಗೆ ಹೇಳು." ಸಾಕ್ಷಿಯನ್ನು ತಂದು ಕಳ್ಳನ ಕೈಗೆ ಕೊಟ್ಟ. ನಾನು ಕೋತಿನ ಬಾಗಿಲು ಹಾಕಿಕೊಂಡು ಕೋಲಿನಿಂದ ತೋಟೆಯನ್ನು ಹೊರಗೆ ಕುಟ್ಟಿದೆ. ಗುಂಡು ಕೂರುವ ಗೂಡಿನಲ್ಲಿ ಕಂದು ಬಣ್ಣದ ಅಂಟು, ತಳ ಹಿಡಿದ ಪಾಕದ ಹಾಗೆ. ಬೆರಳಿಗೆ ಹತ್ತಿತು. ಮೂಸಿ ನೋಡಬೇಕಾಗಿರಲಿಲ್ಲ — ನೋಡಿದೆ. ಬಿಸಿನೀರು ಹಾಕಿ ತೊಳೆದೆ. ಹಿಸ್ಟ್ರಿ ಶೀಟಿನಲ್ಲಿ "ಪರೀಕ್ಷಿಸಿದೆ, ದೋಷವಿಲ್ಲ" ಎಂದು ಬರೆದು ಸಹಿ ಹಾಕಿದೆ.

ವಿಚಾರಣೆಯಲ್ಲಿ ಭೂಪಾಲ ಹೇಳಿದ್ದು ಒಂದೇ ಮಾತು, ನನ್ನ ಕಡೆ ಬೆರಳು ಮಾಡಿ — "ಉಸೀ ಕೋ ಪೂಛಿಯೇ, ಸಾಹಬ್." ಅವನನ್ನೇ ಕೇಳಿ ಎಂದ. ಅಷ್ಟು ಭರವಸೆಯಿಂದ ನನ್ನ ಕಡೆ ಯಾರೂ ಬೆರಳು ಮಾಡಿಲ್ಲ. ನಾನು ಎದ್ದು ನಿಂತು, ರೈಫಲ್ ಸರಿಯಾಗಿತ್ತು ಎಂದೆ. ಅವನು ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಏನೋ ಲೆಕ್ಕ ತಪ್ಪಿದವನ ಹಾಗೆ ನೋಡಿದ, ಅಷ್ಟೇ.

ಅವನ ತೋಳಿನ ಪಟ್ಟಿ ಕಿತ್ತು ದರ್ಜೆ ಇಳಿಸಿದರು. ಮುಂದೆ ಅವನು ಫೌಜಿನಲ್ಲಿ ಇದ್ದಷ್ಟು ದಿನವೂ ಅಹಿಂಸಾ ಫೌಜಿ ಎಂದು ಅಡ್ಡಹೆಸರು. ಊರಲ್ಲಿ ಅವನ ಅಪ್ಪ ಮಾತ್ರ ಖುಷಿಪಟ್ಟರಂತೆ — ಮಗ ಕೊನೆಗೂ ಜೀವದ ಮೇಲೆ ಕೈ ಎತ್ತಲಿಲ್ಲ ಎಂದು. ಮಾತು ಬಿಟ್ಟಿದ್ದ ಅಪ್ಪ ಅದೇ ಕಾರಣಕ್ಕೆ ಮಾತಾಡಿಸಿದರು. ಅವರಿಗೆ ಇಲ್ಲ ಎನ್ನಲಾರದೆ, ಹೌದು ಎನ್ನಲಾರದೆ, ಭೂಪಾಲ ಹೇಗೆ ದಿನ ನೂಕಿದನೋ.

ಈಗ ಅವನು ಇಚಲಕರಂಜಿಯಲ್ಲಿ ಮಗ್ಗ ಇಟ್ಟುಕೊಂಡಿದ್ದಾನೆ. ಒಂದು ಮದುವೆಯಲ್ಲಿ ಸಿಕ್ಕಿದ್ದ. ಮಗ್ಗದ ಸದ್ದಿಗೆ ಕಿವಿ ಮಂದ. ಜೋರಾಗಿ ಹೇಳಿದ: "ಶಿವ್ಯಾ, ಅವತ್ತ ನಾ ಒಳಗ ನೋಡಬೇಕಿತ್ತಲ್ಲೋ. ನಂದ ತಪ್ಪ." ಇಷ್ಟು ವರ್ಷ ತನ್ನನ್ನೇ ದೂರಿಕೊಂಡು ಬಂದಿದ್ದಾನೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಊಟಕ್ಕೆ ಕರೆದರು, ಎದ್ದುಹೋದೆ.

ನಾನು ಬೆಲ್ಲ ತಿನ್ನುವುದಿಲ್ಲ. "ಈ ಬೆಲ್ಲದ ಊರಾಗಿದ್ದು ಬೆಲ್ಲ ಒಲ್ಲೆ ಅಂದ್ರ ಹೆಂಗ್ರಿ?" ಎಂದು ಹೆಂಡತಿ ಕೇಳಿ ಕೇಳಿ ಬೇಸತ್ತಳು. ಸಕ್ಕರೆ ಕಾಯಿಲೆ ಎಂದು ಹೇಳಿದ್ದೇನೆ. ಅದೂ ಸುಳ್ಳೇ. ದಣಿದಿದ್ದೇನೆ — ಈ ದಣಿವಿಗೆ ಕನಿಕರ ಬೇಡ, ಇದು ನಾನೇ ಹೊತ್ತುಕೊಂಡದ್ದು.

ಆ ಮೂರು ಪುಟ ಹರಿದುಹಾಕಿದ್ದೇನೆ. ಮೇಳಾವಾದ ಮುಂಜಾನೆ ಮೊದಲು ಇಚಲಕರಂಜಿಗೆ ಹೋಗುತ್ತೇನೆ. ಇದನ್ನು ಭೂಪಾಲನ ಕೈಗೆ ಕೊಟ್ಟು, ಅವನು ಓದಿ ಮುಗಿಸುವ ತನಕ ಎದುರಿಗೇ ನಿಲ್ಲುತ್ತೇನೆ. ಅವನು ಬರಲಿ, ಬಿಡಲಿ, ಕೊಲ್ಹಾಪುರದಲ್ಲಿ ಎಲ್ಲರ ಮುಂದೆ ಇದನ್ನೇ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅವನನ್ನೇ ಕೇಳಿ ಎಂದಿದ್ದೆಯಲ್ಲ ಭೂಪಾಲ, ಕೇಳಿದ್ದಕ್ಕೆ ಈಗ ಹೇಳುತ್ತಿದ್ದೇನೆ.

ಮೂವತ್ತೇಳನೇ ನಂಬರು. ಪರೀಕ್ಷಿಸಿದೆ. ದೋಷ ಇತ್ತು. ಅವನು ಗುಂಡು ಹಾರಿಸಿದ್ದ.